ಮೂರನೇ ಸಾಲಿನ ನಿಲುಗಡೆ

ಮಾನ್ವಿಯ ಪೇಟಿ ಮಾಸ್ತರರು ತೀರಿಕೊಂಡ ಸುದ್ದಿ ನಮ್ಮ ರಾಯಚೂರು ಕಚೇರಿಗೆ ಬಂದಾಗ ಎಂಟು ಸಾಲಿತ್ತು. ಬರೆದ ವರದಿಗಾರ ಹೊಸಬ. ವಯಸ್ಸು, ಹುಟ್ಟೂರು ದೇವದುರ್ಗ, ಪತ್ನಿ, ಇಬ್ಬರು ಪುತ್ರಿಯರು, ಅಂತ್ಯಕ್ರಿಯೆಯ ಸಮಯ ಎಲ್ಲವನ್ನೂ ಸರಿಯಾಗಿ ಕೊಟ್ಟಿದ್ದ. ಆರನೇ ಸಾಲಿನಲ್ಲಿ ‘ನೂರಾರು ನಾಟಕಗಳಿಗೆ ಸಂಗೀತ ಸಂಯೋಜಿಸಿದ್ದರು’ ಎಂದಿತ್ತು. ಅವನ್ನು ಎಣಿಸಿದವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ‘ನೂರಾರು’ ತೆಗೆದು ‘ಹಲವು’ ಮಾಡಿದೆ. ‘ಸಂಯೋಜಿಸಿದ್ದರು’ ಎಂಬ ಪದದ ಮುಂದೆ ಸ್ವಲ್ಪ ಹೊತ್ತು ಕೂತೆ. ಕೊನೆಗೆ ಅದನ್ನು ಮುಟ್ಟಲಿಲ್ಲ.

ಆ ಪದದ ವಿಷಯದಲ್ಲಿ ಮಾಸ್ತರರ ಮತ್ತು ನನ್ನ ನಡುವೆ ಹಳೆಯ ಸಂಗತಿಯೊಂದಿತ್ತು. ಎಂಟು ಸಾಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಹಾಕುತ್ತಿಲ್ಲ. ನಾಟಕದ ಕರಪತ್ರಗಳಲ್ಲೂ ಅದು ಇರುತ್ತಿರಲಿಲ್ಲ. ‘ಪೇಟಿ: ಮಾನ್ವಿ ಮಾಸ್ತರ್’ ಎಂದಷ್ಟೇ ಅಚ್ಚಾಗುತ್ತಿತ್ತು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಅಷ್ಟು ಬರೆದರೆ ಪೋತ್ನಾಳದಿಂದ ದೇವದುರ್ಗದವರೆಗೆ ಎಲ್ಲರಿಗೂ ಗುರುತು ಸಿಗುತ್ತಿತ್ತು.

ನಾನು ಅವರನ್ನು ಕಂಡದ್ದು ಮಾನ್ವಿಯಲ್ಲಿ ತಾಲ್ಲೂಕು ವರದಿಗಾರನಾಗಿದ್ದಾಗ. ಬಸ್ ನಿಲ್ದಾಣದ ಹಿಂದೆ, ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಪೇಟಿ ದುರಸ್ತಿ ಮಾಡುತ್ತಿದ್ದರು. ಶಾಲೆಗಳ, ಭಜನಾ ಮಂಡಳಿಗಳ ಪೇಟಿಗಳು ಗೋಡೆಗುಂಟ ಸಾಲಾಗಿ ಇರುತ್ತಿದ್ದವು. ಒಂದರ ತಿದಿ ಹರಿದಿದ್ದರೆ ಇನ್ನೊಂದರೊಳಗೆ ಇಲಿ ಮರಿ ಹಾಕಿರುತ್ತಿತ್ತು. ದುರಸ್ತಿ ಅವರ ಹೊಟ್ಟೆಪಾಡು. ಹಳ್ಳಿಯವರಿಗೆ ನಾಟಕ ಕಲಿಸುವುದು, ಹಾಡಿಗೆ ಧಾಟಿ ಕೂಡಿಸುವುದು ಉಳಿದ ಹೊತ್ತಿನ ಕೆಲಸ. ನನಗೆ ಪೇಟಿಯ ಮೇಲೆ ನಾಲ್ಕು ಹಾಡು ನುಡಿಸಲು ಬರುತ್ತಿತ್ತು. ಎರಡು ಪದ್ಯ ಬರೆದಿದ್ದೆ. ಅವಕ್ಕೆ ಧಾಟಿ ಹಾಕುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡು ಹೋದೆ.

ಪದ್ಯ ಜೇಬಿನಲ್ಲೇ ಇತ್ತು. ತೆಗೆದು ಹಾಡಲು ಶುರು ಮಾಡಿದೆ.

“ಹಾಡಬ್ಯಾಡ್ರಿ. ಹೇಳ್ರಿ” ಎಂದರು.

ಓದಿದೆ. ಮತ್ತೊಮ್ಮೆ ಓದಿಸಿದರು. ಪೇಟಿಯ ಹಲಗೆಯ ಸ್ಕ್ರೂ ತಿರುಗಿಸುತ್ತ, ತಲೆ ಎತ್ತದೆ, “ಮನ್ಯಾಗ ಹೆಂಡ್ತಿ ಕೂಡ ಹಿಂಗ ಮಾತಾಡ್ತೀರೇನು?” ಎಂದು ಕೇಳಿದರು. ಮದುವೆಯಾಗಿಲ್ಲ ಎಂದೆ.

“ಹಿಂಗ ಮಾತಾಡಿದ್ರ ಆಗಂಗೂ ಇಲ್ಲ.”

ಆರು ಭಾನುವಾರ ಅವರು ನನ್ನನ್ನು ಪೇಟಿ ಮುಟ್ಟಲು ಬಿಡಲಿಲ್ಲ. ಮೊದಲ ವಾರದ ಕೆಲಸ ಬಸ್ ನಿಲ್ದಾಣದಲ್ಲಿ ನಿಂತು ಕಂಡಕ್ಟರುಗಳು ಪೋತ್ನಾಳ ಎಂದು ಕೂಗುವುದನ್ನು ಕೇಳಿ, ಯಾವ ಅಕ್ಷರ ಎಳೆಯುತ್ತಾರೆ ಎಂದು ಬರೆದು ತರುವುದು. ಸುದ್ದಿ ಬರೆಯುವ ಪುಸ್ತಕದಲ್ಲೇ ಬರೆದುಕೊಂಡೆ. ಬಸ್ ಖಾಲಿ ಇದ್ದಾಗ ‘ಪೋ’ ಎಳೆಯುತ್ತಿದ್ದರು. ತುಂಬಿ ಹೊರಡುವ ಹೊತ್ತಿಗೆ ‘ನಾ’ ಎಳೆಯುತ್ತಿದ್ದರು. ಇದನ್ನು ಹೇಳಿದಾಗ ಮಾಸ್ತರರು ಮೊದಲ ಸಲ ನನ್ನ ಮುಖ ನೋಡಿದರು. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು, ಉಳಿದರ್ಧಕ್ಕೆ ವರ್ಷಗಳು ಬೇಕು ಎಂದರು.

ಪೋತ್ನಾಳದ ಒಂದು ನಾಟಕಕ್ಕೆ ನನ್ನನ್ನು ತಾಲೀಮಿಗೆ ಕರೆದುಕೊಂಡು ಹೋಗಿದ್ದರು. ನಾಯಕನ ಪಾತ್ರ ಗೊಬ್ಬರದ ಅಂಗಡಿಯವನದು. ಎತ್ತರದ ಆಳು, ಮೀಸೆ ಚೆನ್ನಾಗಿತ್ತು, ಗಂಟಲು ಮಾತ್ರ ಐದು ಸ್ವರದಾಚೆ ಹೋಗುತ್ತಿರಲಿಲ್ಲ. ಅವನಿಗೆ ಆಗ ಓಡುತ್ತಿದ್ದ ಸಿನಿಮಾದ ಹಾಡಿನ ಧಾಟಿಯೇ ಬೇಕಿತ್ತು. ಮಾಸ್ತರರು ಸರಿ ಎಂದು ಅದನ್ನೇ ನುಡಿಸಿದರು. ಮೇಲಿನ ಸ್ವರಕ್ಕೆ ಬಂದಾಗ ಅವನ ಧ್ವನಿ ಒಡೆಯಿತು. ಉಳಿದವರು ನಕ್ಕರು. ಅವನು ಬೆವರು ಒರೆಸಿಕೊಂಡ.

“ಏ ತಮ್ಮಾ, ನಿನ್ನ ಹತ್ರ ಐದು ಸ್ವರ ಅದಾವ” ಎಂದರು ಮಾಸ್ತರರು. “ಊರಾಗ ಎಷ್ಟೋ ಮಂದಿಗೆ ಮೂರ ಇರತಾವ. ಐದರಾಗ ಸಂಸಾರ ಮಾಡೋಣು.”

ಅಲ್ಲೇ ಕೂತು ಆ ಐದರಲ್ಲೇ ಒಂದು ಧಾಟಿ ಮಾಡಿಕೊಟ್ಟರು. ಪೇಟಿ ಮುಚ್ಚಿಟ್ಟು, ಅವನಿಂದ ಸಾಲು ಹೇಳಿಸಿ, ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿ ಬೆರಳು ಎತ್ತುತ್ತಿದ್ದರು. ಬೆರಳು ಎತ್ತಿದಲ್ಲೆಲ್ಲ ಸಾಲು ಮುರಿದರು. ಧಾಟಿ ಹಾಕುವಾಗ ಎಲ್ಲರಿಗಿಂತ ಸಣ್ಣ ಗಂಟಲು ಯಾರದೋ ಅವರನ್ನು ನೋಡಿ ಹಾಕಬೇಕು, ದೊಡ್ಡ ಗಂಟಲಿನವರು ಹೇಗೂ ಹಾಡಿಕೊಳ್ಳುತ್ತಾರೆ ಎಂಬುದು ಅವರ ಕ್ರಮ. ಗೊಬ್ಬರದ ಅಂಗಡಿಯವನು ಮುಂದೆ ಹಲವು ವರ್ಷ ಆ ಹಾಡನ್ನು ಗಿರಾಕಿಗಳಿಗೆ ಕೇಳಿಸುತ್ತಿದ್ದ.

ಇನ್ನೊಂದು ಕ್ರಮ ಚಹಾ ಅಂಗಡಿಯದು. ದರ್ಜಿ ಅಂಗಡಿಯ ಪಕ್ಕದಲ್ಲೇ ಗಂಡ ಹೆಂಡತಿ ಚಹಾ ಮಾರುತ್ತಿದ್ದರು. ಮಾಸ್ತರರು ಹೊಸ ಧಾಟಿ ಮಾಡಿದ ದಿನ ಕೆಳಗಿಳಿದು ಬಂದು ಅದನ್ನು ಒಂದೇ ಸಲ ಹಾಡುತ್ತಿದ್ದರು. ಮರುದಿನ ಬಂದು, ನಿನ್ನೆಯದು ಏನಿತ್ತು ಎಂದು ಕೇಳುತ್ತಿದ್ದರು. ಗಂಡನಿಗೆ ನೆನಪಿರುತ್ತಿರಲಿಲ್ಲ. ಹೆಂಡತಿ ಲೋಟ ತೊಳೆಯುತ್ತ ಗುನುಗುತ್ತಿದ್ದಳು. ಅಲ್ಲಲ್ಲಿ ತಪ್ಪುತ್ತಿದ್ದಳು. ಅವಳು ತಪ್ಪಿದ ಕಡೆಯೆಲ್ಲ ಮಾಸ್ತರರು ತಮ್ಮ ಧಾಟಿ ಬದಲಿಸಿಕೊಳ್ಳುತ್ತಿದ್ದರು. ಒಮ್ಮೆ ಕೇಳಿದವರ ಬಾಯಲ್ಲಿ ಉಳಿಯದ ತಿರುವು ಧಾಟಿಯಲ್ಲೂ ಇರಬೇಕಾಗಿಲ್ಲ ಎಂಬುದು ಅವರ ನಂಬಿಕೆ.

“ನೀವು ಪೇಪರ್‌ನ್ಯಾಗ ತಪ್ಪಾದ್ರ ಮರುದಿನ ತಿದ್ದುಪಡಿ ಹಾಕ್ತೀರಿ. ನಂದು ಮೊದಲ ತಿದ್ದುಪಡಿ, ಆಮ್ಯಾಲ ಹಾಡು” ಎಂದಿದ್ದರು.

ನನ್ನ ಧಾಟಿಯನ್ನೂ ಅಲ್ಲಿ ಪರೀಕ್ಷೆಗಿಟ್ಟೆವು. ಮರುದಿನ ಕೇಳಿದಾಗ ಆಕೆ, “ಯಾವ ಹಾಡ್ರೀ ಅಣ್ಣಾರ? ನಿನ್ನಿ ನೀವು ಹಾಡಿದ್ರೇನು?” ಎಂದಳು. ಮಾಸ್ತರರು ಚಹಾ ಮುಗಿಸಿ ಲೋಟ ಇಟ್ಟರು. ತಪ್ಪು ಹಾಡಿದ್ದರೆ ತಿದ್ದಬಹುದಿತ್ತು, ನೆನಪೇ ಇಲ್ಲ ಎಂದರೆ ಏನು ತಿದ್ದುವುದು ಎಂದು ಮೆಟ್ಟಿಲು ಹತ್ತುವಾಗ ಹೇಳಿದರು. ನಾನು ಪತ್ರಿಕೆಯಲ್ಲೇ ಉಳಿಯಬೇಕಾದವನು ಎಂದು ಅವತ್ತು ತೀರ್ಮಾನವಾಯಿತು. ಆದರೂ ಭಾನುವಾರಗಳಲ್ಲಿ ಹೋಗುವುದು ನಿಲ್ಲಲಿಲ್ಲ.

ಅವರಿಗೂ ಒಂದು ಬಾಕಿ ಇತ್ತು. ದೇವದುರ್ಗದಲ್ಲಿ ಅವರದು ಕುರಿ ಕಾಯುವ ಮನೆತನ. ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದರ ಪೇಟಿಯವರ ಹಿಂದೆ ಬಿದ್ದು ವಿದ್ಯೆ ಕಲಿತಿದ್ದರು. ತಿದಿ ಹೊಲಿಯುವುದು, ಸ್ವರ ಕೂಡಿಸುವುದು ಬೇಗ ಬಂದವು. ಒಂದು ದಿನ ಅಂಜುತ್ತ ತಾವೇ ಮಾಡಿದ ಧಾಟಿಯೊಂದನ್ನು ಗುರುವಿಗೆ ಕೇಳಿಸಿದರು. ಆತ ಕೇಳಿ, ಅದು ಯಾವ ಯಾವ ಹಾಡಿನಿಂದ ಬಂದ ತುಂಡುಗಳು ಎಂದು ಒಂದೊಂದಾಗಿ ತೋರಿಸಿದನಂತೆ. ಆಮೇಲೆ ಹೇಳಿದ ಮಾತನ್ನು ಮಾಸ್ತರರು ನನಗೆ ಮೂರು ನಾಲ್ಕು ಸಲ ಹೇಳಿದ್ದಾರೆ, ಪ್ರತಿಸಲವೂ ಒಂದೇ ರೀತಿ.

“ಲೇ, ನೀ ರಿಪೇರಿ ಮಾಡಾಂವ. ಹೊಸಾದು ಹುಟ್ಟಸಾಂವ ಅಲ್ಲ.”

ಹೇಳಿ ನಗುತ್ತಿದ್ದರು. ಆದರೆ ಯಾವುದೇ ಧಾಟಿ ಮುಗಿದ ಮೇಲೆ ಇದು ನಿಮ್ಮದೇ ಎಂದು ನಾವು ಹೊಗಳಿದರೆ, ಇಲ್ಲಪ್ಪ, ಇದರ ಮೊದಲ ಸಾಲು ಭಜನೆಯದು, ಎರಡನೆಯದು ರೇಡಿಯೋದ್ದು ಎಂದು ತಾವೇ ಬಿಡಿಸಿ ತೋರಿಸುತ್ತಿದ್ದರು. ತನ್ನದೇ ಎನ್ನುವ ಒಂದಾದರೂ ಧಾಟಿ ಬೇಕು ಎಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಧಾಟಿ ದೇವದುರ್ಗದವರ ನಾಟಕವೊಂದಕ್ಕಾಗಿ ಬಂತು. ಅದರಲ್ಲಿ ಮಗನ ದಾರಿ ಕಾಯುವ ತಾಯಿಯ ಹಾಡಿತ್ತು. ಸಾಲುಗಳನ್ನು ಆ ತಂಡದವರೇ ಬರೆದಿದ್ದರು:

ಕದ ತೆರದು ಕುಂತೀನಿ ಕಂದೀಲು ಹಚ್ಚೀನಿ
ಹಾದ್ಯಾಗ ಹೆಜ್ಜಿ ಸಪ್ಪಳ ಕೇಳೀನಿ
ನನ ಮಗ ಅಲ್ಲಂದ್ರೂ ಒಳಗ ಬಾರೋ
ತಣ್ಣಗ ನೀರ ಕುಡದು ಹೋಗೋ

ಮಾಸ್ತರರು ಇದಕ್ಕೆ ಎರಡು ತಿಂಗಳು ತೆಗೆದುಕೊಂಡರು. ಎಷ್ಟು ಸಲ ಚಹಾ ಅಂಗಡಿಗೆ ಇಳಿದರೋ. ಮೂರನೇ ಸಾಲಿನಲ್ಲಿ ‘ಅಲ್ಲಂದ್ರೂ’ ಎಂದ ಮೇಲೆ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆಯಷ್ಟು, ಎಲ್ಲವನ್ನೂ ನಿಲ್ಲಿಸಿದ್ದರು. ಧ್ವನಿ ಇಲ್ಲ, ಪೇಟಿ ಇಲ್ಲ, ತಬಲಾ ಇಲ್ಲ. ಆಮೇಲೆ ‘ಒಳಗ ಬಾರೋ’. ದೇವದುರ್ಗದಲ್ಲಿ ನಾಟಕದ ದಿನ ಮಧ್ಯಾಹ್ನ ಮೈಕ್ ಪರೀಕ್ಷೆಗೆ ಈ ಹಾಡನ್ನೇ ಹಾಡಿಸಿದರು. ಆ ನಿಲುಗಡೆ ಬಂದ ಕೂಡಲೇ ಮೈಕಿನವನು ವೈರ್ ಕಿತ್ತುಹೋಯಿತೆಂದು ವೇದಿಕೆಗೆ ಓಡಿಬಂದ. ಮಾಸ್ತರರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಅಂದು ನನ್ನ ಪಕ್ಕ ಕೂತು, ಬೇರೆ ಕಡೆ ನೋಡುತ್ತ ಹೇಳಿದರು:

“ಇದೊಂದು ನಂದು.”

ಅಷ್ಟರಲ್ಲಿ ನನಗೆ ರಾಯಚೂರಿಗೆ ವರ್ಗವಾಗಿತ್ತು. ಭಾನುವಾರದ ಪುಟಕ್ಕೆ ಅವರ ಬಗ್ಗೆ ಬರೆದೆ. ಹೆಸರು ಬೇಡ ಎಂದದ್ದಕ್ಕೆ ಮಾನ್ವಿ ಮಾಸ್ತರರು ಎಂದೇ ಹಾಕಿದೆ. ತಾಯಿಯ ಹಾಡಿನ ಧಾಟಿ ಸಂಪೂರ್ಣ ಅವರ ಸ್ವಂತ ರಚನೆ ಎಂದು ಬರೆದೆ. ನಾಟಕದ ದಿನ ಯಾರೋ ಮಾಡಿಕೊಂಡಿದ್ದ ಹಾಡಿನ ಧ್ವನಿಮುದ್ರಣವನ್ನು ನಮ್ಮ ಓದುಗರು ಮೊಬೈಲಿನಿಂದ ಮೊಬೈಲಿಗೆ ಕಳಿಸಿಕೊಂಡರು.

ಎರಡು ವಾರದ ನಂತರ ಒಬ್ಬ ಶಾಲಾ ಶಿಕ್ಷಕಿ ಕಚೇರಿಗೆ ಬಂದರು. ರಾಯಚೂರು ತಾಲ್ಲೂಕಿನ ಚಂದ್ರಬಂಡದವರು. ತಾಯಿ ಹೊಲಗಳಲ್ಲಿ ಕೂಲಿ ಮಾಡಿ ಓದಿಸಿದವರು ಎಂದು ಪರಿಚಯ ಹೇಳಿಕೊಂಡರು. ಪತ್ರಿಕೆಯ ಪುಟವನ್ನು ಮಡಚಿ ತಂದಿದ್ದರು. ಮೇಜಿನ ಮೇಲೆ ಮೊಬೈಲ್ ಇಟ್ಟು, ತಾಯಿಯಿಂದ ಹಾಡಿಸಿಕೊಂಡಿದ್ದನ್ನು ಹಚ್ಚಿದರು. ಸೊಸೆಯೊಬ್ಬಳು ಕಳೆ ತೆಗೆಯುತ್ತ, ದೂರದಲ್ಲಿ ಎದ್ದ ಧೂಳು ನೋಡಿ ತವರಿನವರು ಬಂದರೇ ಎಂದು ಕೇಳುವ ಪದ ಅದು. ಮಾತು ಬೇರೆ. ಧಾಟಿ ಅದೇ.

“ನೀವು ಸುಳ್ಳು ಬರ್ದೀರಿ ಅಂತ ನಾ ಅನ್ನಂಗಿಲ್ಲರಿ ಸರ್” ಎಂದರು ಶಿಕ್ಷಕಿ. “ಆದ್ರ ಇದು ನಮ್ಮವ್ವನ ಹಾಡು. ಆಕಿ ತನ್ನ ಅತ್ತಿ ಕಡೆಯಿಂದ ಕಲ್ತಿದ್ದು. ನಾ ತೊಟ್ಟಲದಾಗ ಇದ್ದಾಗಿಂದ ಕೇಳೀನಿ.”

ಪತ್ರಿಕೆಯಲ್ಲಿ ತಪ್ಪು ಬಂದರೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಕಚೇರಿಯ ನಿಯಮ. ನಾನು ಅದನ್ನು ನಾಲ್ಕು ದಿನ ಇಟ್ಟುಕೊಂಡೆ. ನನ್ನ ಕೆಲಸದ ಅವಧಿಯಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ. ಐದನೇ ದಿನ, ಶಿಕ್ಷಕಿ ಕಳಿಸಿಕೊಟ್ಟಿದ್ದ ಮುದ್ರಣವನ್ನು ಮೊಬೈಲಿನಲ್ಲಿಟ್ಟುಕೊಂಡು ಮಾನ್ವಿ ಬಸ್ ಹತ್ತಿದೆ.

ಮಾಸ್ತರರು ಫ್ಯಾನ್ ಆರಿಸಲು ಹೇಳಿ, ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ಕೇಳಿದರು. ಮೂರು ಸಲ ಕೇಳಿದರು. ಆಮೇಲೆ ಕಪಾಟಿನಿಂದ ಒಂದು ಹಳೆಯ ಡೈರಿ ತೆಗೆದರು. ಧಾಟಿಯನ್ನು ಮೊದಲು ಮಾಡಿದ್ದು ಹೇಗೆ, ಯಾವ ದಿನ ಏನು ಬದಲಾಯಿತು ಎಲ್ಲ ಅದರಲ್ಲಿತ್ತು. ಮೊದಲ ದಿನದ್ದನ್ನು ಹಾಡಿ ತೋರಿಸಿದರು. ಅದು ಚಂದ್ರಬಂಡದ ಹಾಡಿಗೆ ಹತ್ತಿರವೂ ಇರಲಿಲ್ಲ. ಎರಡನೇ ಸಾಲು ಒಂದು ವಾರದಲ್ಲಿ ಬದಲಾಗಿತ್ತು, ನಾಲ್ಕನೆಯದು ಮೂರು ವಾರಕ್ಕೆ, ಆಮೇಲೆ ಮೊದಲನೆಯದು. ಅವರ ಬೆರಳು ಡೈರಿಯ ಮೇಲೆ ನಿಂತಿತು.

“ಕೆಳಗ ಚಾ ಮಾಡ್ತಾಳಲ್ಲ, ಆಕಿ ತವರುಮನಿ ಯಾವೂರು ಕೇಳ್ಕೊಂಡು ಬರ್ರಿ.”

ಇಳಿದು ಹೋಗಿ ಕೇಳಿದೆ. ಚಂದ್ರಬಂಡ ಎಂದಳು.

ಮೇಲೆ ಬಂದು ಹೇಳಿದಾಗ ಅವರು ಡೈರಿ ಮುಚ್ಚಿದರು. ಆಮೇಲೆ ಸಣ್ಣಗೆ ನಗಲು ಶುರು ಮಾಡಿದರು. ಆ ನಗು ಎಲ್ಲಿ ಅಳುವಾಗಿಬಿಡುತ್ತದೋ ಎಂದು ನನಗೆ ಭಯವಿತ್ತು.

“ನಾ ಧಾಟಿ ತಿದ್ದಾಕತ್ತೀನಿ ಅನ್ಕೊಂಡಿದ್ನಿ. ಆಕಿ ಅದನ್ನ ಒಂದೊಂದ ಹೆಜ್ಜಿ ತನ್ನ ತವರಿಗೆ ಕರ್ಕೊಂಡು ಹೊಂಟಿದ್ಲು ನೋಡ್ರಿ.”

ಅವಳಿಗೂ ಅದು ಗೊತ್ತಿರಲಿಲ್ಲ. ನೆನಪಾಗದ ಕಡೆಯಲ್ಲೆಲ್ಲ ಅವಳ ನಾಲಿಗೆ ಚಿಕ್ಕಂದಿನ ಹಾಡಿನ ಕಡೆ ತಿರುಗಿತ್ತು, ಅಷ್ಟೇ. ನಾನು ತಿದ್ದುಪಡಿಯ ಕರಡನ್ನು ತೋರಿಸಿದೆ. ‘ಜನಪದ ಧಾಟಿಯ ಛಾಯೆ ಇದೆ’ ಎಂದು ಬರೆದಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

“ಛಾಯೆ ಗೀಯೆ ಬ್ಯಾಡ್ರಿ. ಚಂದ್ರಬಂಡದ ಹೆಣ್ಮಕ್ಕಳ ಹಾಡು, ಮಾಸ್ತರಂದಲ್ಲ ಅಂತ ಹಾಕ್ರಿ. ನೀವ ಹಿಂಗ ಬರ್ದ್ರ ಮಂದಿ ಏನು ನಂಬಬೇಕು?”

ಹಾಗೇ ಹಾಕಿದೆವು, ನಾಲ್ಕು ಸಾಲು. ದೇವದುರ್ಗದ ತಂಡದವರು ಅದನ್ನು ಓದಿ, ಮುಂದಿನ ಧಾಟಿ ಯಾವ ಹೊಲದಿಂದ ತರುತ್ತೀರಿ ಎಂದು ಫೋನಿನಲ್ಲಿ ಚುಡಾಯಿಸಿದರಂತೆ. ಎಲ್ಲಿ ಕಳೆ ಹೆಚ್ಚಿದೆಯೋ ಅಲ್ಲಿಂದ ಎಂದು ಇವರು ಉತ್ತರ ಕೊಟ್ಟರಂತೆ. ಆದರೆ ದರ್ಜಿ ಅಂಗಡಿಯವನು ಬೇರೆ ಮಾತು ಹೇಳಿದ: ಆ ವಾರವಿಡೀ ಮೇಲಿನ ಕೋಣೆಯಿಂದ ಪೇಟಿಯ ಸಪ್ಪಳವೇ ಬರಲಿಲ್ಲ. ಚಹಾ ಅಂಗಡಿಯ ಹೆಂಗಸಿಗೆ ಮಾಸ್ತರರು ಏನೂ ಹೇಳಲಿಲ್ಲ. ನನಗೂ ಹೇಳಬಾರದೆಂದು ತಾಕೀತು ಮಾಡಿದರು. ತಿಳಿದರೆ ಇನ್ನು ಮುಂದೆ ಬಾಯಿ ಬಿಗಿಹಿಡಿದು ಗುನುಗುತ್ತಾಳೆ ಎಂಬುದು ಅವರ ಚಿಂತೆ.

ಮುಂದಿನ ವಾರ ಚಂದ್ರಬಂಡಕ್ಕೆ ಹೋಗೋಣ ಎಂದು ಅವರೇ ಹೊರಡಿಸಿದರು. ಶಿಕ್ಷಕಿಯ ತಾಯಿ ಮನೆಯ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಡುನಡುವೆ ತೆಲುಗು ಬೆರೆತ ಮಾತು, ಮಸಕಾದ ಕಣ್ಣು. ಪೇಪರಿನಲ್ಲಿ ನನ್ನ ಹಾಡು ಹಾಕಿದ್ದು ನೀನೇನಪ್ಪಾ ಎಂದು ಮಾಸ್ತರರನ್ನೇ ಕೇಳಿದರು.

“ಹಾಕಿದಾಂವ ಇವ ಯವ್ವಾ. ಕದ್ದಾಂವ ನಾನು.”

“ಹಾಡು ಯಾರರ ಕದೀತಾರೇನೋ? ಹ್ಯಾಂಗ ಹಾಡ್ತಿ ಹಾಡು ನೋಡೋಣು.”

ಮಾಸ್ತರರು ಕಟ್ಟೆಯ ಕೆಳಗೆ ಕೂತು ಹಾಡಿದರು. ಮುದುಕಿ ಕೈಕೆಲಸ ಬಿಡದೆ ತಲೆ ಆಡಿಸುತ್ತಿದ್ದರು. ಮೂರನೇ ಸಾಲಿನಲ್ಲಿ ಧಾಟಿ ನಿಂತಾಗ ತಲೆ ಎತ್ತಿದರು.

“ಯಾಕಪ್ಪಾ ನಿಂತಿ? ದಮ್ಮು ಹತ್ತಿತೇನು?”

“ಇಲ್ಲ ಯವ್ವಾ. ಬಂದಾಂವ ಮಗ ಅಲ್ಲ ಅಂತ ಗೊತ್ತಾತಲ್ಲ, ಆ ತಾಯಿ ಒಂದೀಟು ಸುಮ್ಮನಾಗ್ತಾಳ. ಆಮ್ಯಾಲ ಒಳಗ ಕರೀತಾಳ.”

ಮುದುಕಿ ಇನ್ನೊಮ್ಮೆ ಹಾಡಿಸಿದರು. ನಮ್ಮದರಲ್ಲಿ ಹಾಗೆ ನಿಲ್ಲುವಂತಿಲ್ಲ ಎಂದರು. ಹಾಡು ನಿಂತರೆ ಕಳೆ ತೆಗೆಯುವ ಕೈ ನಿಲ್ಲುತ್ತದೆ, ಕೈ ನಿಂತರೆ ಹೊಲದವರು ಬೈಯುತ್ತಾರೆ. ಆಮೇಲೆ ನಮಗಿಬ್ಬರಿಗೂ ಮಜ್ಜಿಗೆ ಕೊಟ್ಟು ತಾವು ಹಾಡಿ ತೋರಿಸಿದರು, ಎಲ್ಲೂ ನಿಲ್ಲದೆ.

ತಿರುಗಿ ಬರುವಾಗ ಬಸ್ಸಿನಲ್ಲಿ, ಹಾಗಾದರೆ ಆ ನಿಲುಗಡೆ ನಿಮ್ಮದೇ ಅಲ್ಲವೇ, ಅದನ್ನು ಬರೆಯುತ್ತೇನೆ ಎಂದೆ. ಕೈ ಅಡ್ಡ ಆಡಿಸಿದರು.

“ಇಷ್ಟು ವರ್ಷಕ್ಕ ಒಂದು ಮಾತ್ರಿ ಹುಟ್ಟಿಸೀನಿ. ಅದೂ ಖಾಲಿ. ಏನಂತ ಬರೀತೀರಿ?”

ಅದಾದ ಮೇಲೂ ಅವರು ಕೆಲಸ ಬಿಡಲಿಲ್ಲ. ಪೇಟಿಗಳು ಬರುತ್ತಿದ್ದವು, ನಾಟಕಗಳೂ ಬರುತ್ತಿದ್ದವು. ಹೊಸ ಧಾಟಿಯನ್ನು ಮೊದಲಿನಂತೆಯೇ ಚಹಾ ಅಂಗಡಿಗೆ ಒಯ್ಯುತ್ತಿದ್ದರು. ನನ್ನದು ಎಂಬ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ಕೊನೆಯ ವರ್ಷಗಳಲ್ಲಿ ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಇದ್ದರು.

ಅವರು ಹೋಗುವ ಹಿಂದಿನ ವರ್ಷ, ಹತ್ತಿ ಬೆಳೆಯ ಬಗ್ಗೆ ಬರೆಯಲು ನಾನು ಚಂದ್ರಬಂಡಕ್ಕೆ ಹೋಗಿದ್ದೆ. ಶಿಕ್ಷಕಿಯ ತಾಯಿ ತೀರಿಕೊಂಡಿದ್ದರು. ಊರ ಹೊರಗಿನ ಹೊಲದಲ್ಲಿ ಎಂಟು ಹತ್ತು ಹೆಂಗಸರು ಸಾಲಾಗಿ ಕೂತು ಕುರ್ಪಿಯಿಂದ ಕಳೆ ತೆಗೆಯುತ್ತಿದ್ದರು. ಅವರಲ್ಲಿ ಆ ಮುದುಕಿಯ ಸೊಸೆಯೂ ಇದ್ದಳು. ಹಾಡು ಅದೇ. ಬದುವಿನ ಮೇಲೆ ನಿಂತು ಕೇಳಿದೆ. ಮೂರನೇ ಸಾಲು ಬಂತು. ‘ನಮ್ಮೂರ ಬಂಡ್ಯಾದ್ರ’ ಎಂದವರು ನಿಂತರು. ಕುರ್ಪಿಗಳೂ ನಿಂತವು. ಆಮೇಲೆ ‘ನಿಲ್ಲಸಿರವ್ವಾ’ ಎಂದು ಮುಂದುವರಿದರು.

ಸಾಲಿನ ಕೊನೆಗೆ ಬಂದಾಗ ಸೊಸೆಯನ್ನು ಕೇಳಿದೆ, ಅಲ್ಲಿ ಯಾಕೆ ನಿಲ್ಲುತ್ತೀರಿ ಎಂದು.

“ಅದು ಮೊದ್ಲಿಂದ ಹಂಗ ಅದರಿ. ನಮ್ಮತ್ತಿ ಹಂಗ ಕಲಿಸ್ಯಾರ. ಅಲ್ಲಿ ನಿಲ್ಲಲಿಲ್ಲಂದ್ರ ಬೈತಿದ್ರು.”

ಅವಳ ಅತ್ತೆ ಎಲ್ಲೂ ನಿಲ್ಲದೆ ಹಾಡಿದ ಮುದ್ರಣ ಆಗಲೂ ನನ್ನ ಮೊಬೈಲಿನಲ್ಲಿತ್ತು. ಅದನ್ನು ಅವಳಿಗೆ ಕೇಳಿಸಲಿಲ್ಲ. ಅದೇ ಮೊಬೈಲಿನಿಂದ ಮಾಸ್ತರರಿಗೆ ಫೋನ್ ಮಾಡಿದೆ. ಎಲ್ಲಿದ್ದೇನೆ ಎಂದು ಹೇಳಿ, ಇನ್ನೊಮ್ಮೆ ಹಾಡಿರೆಂದು ಹೆಂಗಸರನ್ನು ಕೇಳಿಕೊಂಡು, ಮೊಬೈಲನ್ನು ಹೊಲದ ಕಡೆ ಹಿಡಿದೆ. ಒಂದನೇ ಸಾಲು, ಎರಡನೇ ಸಾಲು. ಮೂರರಲ್ಲಿ ಅವರು ನಿಂತರು. ಒಂದು ಮಾತ್ರೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಾಡು ಮುಗಿದ ಮೇಲೆ ಕಿವಿಗೆ ಹಿಡಿದೆ. ಮಾಸ್ತರರು ಕೇಳಿದರು:

“ಅದು ಯಾರದು ಅಂತಾರ?”

“ನಮ್ಮತ್ತಿದು, ಮೊದ್ಲಿಂದ ಹಂಗ ಅದ ಅಂತಾರ ಮಾಸ್ತರ್ರ.”

“ಹಂಗ ಬರ್ಕೋರಿ” ಎಂದರು. “ತಿದ್ದಬ್ಯಾಡ್ರಿ.”